ಮಾಸ್ತರ ಟ್ರ್ಯಾಕ್ಟರಿಗೆ ಏನಾಗಿತ್ತು

ಮೊನ್ನೆ ತೋಟದ ಪಂಪ್‌ಮನೆ ಗುಡಿಸುವಾಗ ಸ್ಟಾರ್ಟರ್ ಡಬ್ಬಿಯ ಹಿಂದಿನಿಂದ ಒಂದು ಬೇವಿನ ಕಡ್ಡಿ ಸಿಕ್ಕಿತು. ಒಂದೂವರೆ ಗೇಣು ಉದ್ದ, ಸಿಪ್ಪೆ ಹೆರೆದದ್ದು, ಒಂದು ತುದಿ ಕಪ್ಪಗಾಗಿತ್ತು. ನನ್ನ ಹೆಂಡತಿ ಅದನ್ನು ಕಸದ ಬುಟ್ಟಿಗೆ ಹಾಕಿಯೂ ಆಗಿತ್ತು. ನಾನು ಎತ್ತಿಕೊಂಡು ಮೂಸಿ ನೋಡಿದೆ. ಇಷ್ಟು ವರ್ಷವಾದರೂ ಡೀಸೆಲ್ ವಾಸನೆ ಪೂರ್ತಿ ಹೋಗಿರಲಿಲ್ಲ. ಅವಳು ನನ್ನ ಮುಖ ನೋಡಿ ಬುಟ್ಟಿ ಹಿಡಿದು ಹೊರಗೆ ಹೋದಳು. ಕಡ್ಡಿ ಯಾರದ್ದೆಂದು ಅವಳಿಗೂ ಗೊತ್ತು.

ಅದು ಮೇಸ್ತ್ರಿಯ ಕಡ್ಡಿ. ಕೊಟ್ಟೂರು ಬಸ್ ನಿಲ್ದಾಣದಿಂದ ಸ್ವಲ್ಪ ಆಚೆ ಅವರದೊಂದು ತಗಡಿನ ಅಂಗಡಿ ಇತ್ತು. ಬೋರ್ಡಿಲ್ಲ, ಕುರ್ಚಿಯಿಲ್ಲ, ಮುಂದೆ ಎರಡು ಹಳೆಯ ಟೈರು. ಆದರೂ ಕೂಡ್ಲಿಗಿ ಕಡೆಯವರು, ಹಗರಿಬೊಮ್ಮನಹಳ್ಳಿ ಕಡೆಯವರು ಟ್ರ್ಯಾಕ್ಟರು ಕೆಟ್ಟರೆ ಮೊದಲು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಜೀವಮಾನವೆಲ್ಲ ಇಂಜಿನ್ನುಗಳ ಪಕ್ಕದಲ್ಲೇ ಕಳೆದು ಕಿವಿ ಮಂದವಾಗಿತ್ತು. ಅವರ ಹತ್ತಿರ ಮಾತಾಡಬೇಕಾದರೆ ಜಗಳಕ್ಕೆ ನಿಂತವರ ಹಾಗೆ ಕೂಗಬೇಕಿತ್ತು.

ಅವರದೊಂದು ಪದ್ಧತಿ ಇತ್ತು. ರಿಪೇರಿ ಮುಗಿದ ಮೇಲೆ ಕೆಟ್ಟ ಸಾಮಾನನ್ನು ಚಿಂದಿಯಲ್ಲಿ ಒರೆಸಿ ಗಾಡಿಯವನ ಅಂಗೈಯಲ್ಲಿ ಇಡುತ್ತಿದ್ದರು. ಸವೆದ ವಾಷರೋ, ಸುಟ್ಟ ಫ್ಯೂಸೋ, ತುಂಡಾದ ಸ್ಪ್ರಿಂಗೋ, ಏನಾದರೂ ಸರಿ. "ಇದು ಹೋಗಿತ್ತು ನೋಡ್ರಿ" ಎನ್ನುವುದಷ್ಟೇ ಅವರ ವಿವರಣೆ. ಏನೂ ಸಿಗದೆ ಗಾಡಿ ತಾನಾಗಿ ಚಾಲೂ ಆಗಿಬಿಟ್ಟರೆ ಅದನ್ನೂ ಹಾಗೆಯೇ ಹೇಳುತ್ತಿದ್ದರು, ಯಾಕೆ ಆಯಿತೋ ನನಗೆ ಗೊತ್ತಿಲ್ಲ ಎಂದು. ನಮ್ಮ ಐದು ತಾಲೂಕಿನಲ್ಲಿ ಹಾಗೆ ಹೇಳುವ ಇನ್ನೊಬ್ಬ ಮೆಕ್ಯಾನಿಕ್ಕನ್ನು ನಾನು ಕಂಡಿಲ್ಲ. ನಾನಂತೂ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ವಿಜ್ಞಾನ ಪಾಠ ಮಾಡಿದವನು, ಗೊತ್ತಿಲ್ಲ ಎಂಬ ಮಾತನ್ನು ತರಗತಿಯಲ್ಲಿ ಒಮ್ಮೆಯೂ ಆಡಿದವನಲ್ಲ. ಗೊತ್ತಿಲ್ಲದ್ದು ಬಂದಾಗ ಮಕ್ಕಳನ್ನು ಗದರಿ ಕೂರಿಸುತ್ತಿದ್ದೆ.

ಇನ್ನೊಂದು ಪದ್ಧತಿಯೂ ಇತ್ತು. ಕೆಲಸ ಮುಗಿಸಿ, ಸೋಪಿನ ಪುಡಿ ಹಾಕಿ ಮೊಣಕೈವರೆಗೆ ಕೈ ತೊಳೆದು, ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ನೀರು ಚಿಮುಕಿಸಿ ತೇಯ್ದು, ಮೂರು ಬೆರಳಿನಿಂದ ಗಾಡಿಗೆ ಹಚ್ಚಿ, ಒಂದು ಕ್ಷಣ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬಂಡಿಗೆ, ರಾಶಿಗೆ, ತಕ್ಕಡಿಗೆ ವಿಭೂತಿ ಹಚ್ಚುವ ಸೀಮೆ ನಮ್ಮದು. ಅದನ್ನು ಯಾರೂ ವಿಶೇಷವೆಂದು ನೋಡುತ್ತಿರಲಿಲ್ಲ.

ಆಗ ನಾನು ಹೊಸದಾಗಿ ತೋಟದ ಹುಚ್ಚು ಹತ್ತಿಸಿಕೊಂಡಿದ್ದೆ. ಕೊಟ್ಟೂರಿನಿಂದ ಕೂಡ್ಲಿಗಿ ಕಡೆ ಹೋಗುವ ದಾರಿಯಲ್ಲಿ ಎರಡೂವರೆ ಎಕರೆ ದಾಳಿಂಬೆ, ಬದುವಿನ ಸುತ್ತ ನುಗ್ಗೆ. ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರು ಹಿಡಿಸುವುದಿಲ್ಲವೆಂದು ಒಂದು ಸಣ್ಣ ಟ್ರ್ಯಾಕ್ಟರು ತಂದೆ, ಯಾರೋ ಓಡಿಸಿ ಬಿಟ್ಟದ್ದು. ಎತ್ತರ ನನ್ನ ಎದೆಮಟ್ಟ. ಪಕ್ಕದ ತೋಟದವರು ಅದನ್ನು ನೋಡಿ, "ಮಾಸ್ತರ, ಇದಕ್ಕ ಹಾಲು ಕುಡಿಸ್ತೀರೋ ಡೀಸೆಲ್ ಹಾಕ್ತೀರೋ?" ಎಂದು ಕೇಳಿದ್ದರು. ಆಯಿಲ್ ಬದಲಿಸಲು ಮೇಸ್ತ್ರಿಯನ್ನು ಕರೆಸಿದೆ. ಅವರು ಮೊಪೆಡ್ಡಿನಲ್ಲಿ ಬಂದು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ, ಕೈ ತೊಳೆದು, ವಿಭೂತಿ ಹಚ್ಚಿ ಹೋದರು.

ಮರುದಿನದಿಂದ ಗಾಡಿಯ ತಕರಾರು ಶುರುವಾಯಿತು.

ಬೆಳಿಗ್ಗೆ ಒಂದೇ ಕೀಲಿಗೆ ಚಾಲೂ ಆಗುತ್ತಿತ್ತು. ನಾಲ್ಕೋ ಐದೋ ಸಾಲು ಹೊಡೆಯುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಆಮೇಲೆ ಎಷ್ಟು ಕೀಲಿ ತಿರುಗಿಸಿದರೂ ಬರೀ ಗಿರಗಿರ ಸದ್ದು, ಇಂಜಿನ್ನು ಹಿಡಿಯುತ್ತಿರಲಿಲ್ಲ. ಬ್ಯಾಟರಿ ನೋಡಿದೆ, ಸರಿಯಾಗಿತ್ತು. ಡೀಸೆಲ್ ಮುಳ್ಳು ಅರ್ಧಕ್ಕಿಂತ ಮೇಲಿತ್ತು. ಪುಸ್ತಕ ತೆಗೆದು ಫಿಲ್ಟರು ಬಿಚ್ಚಿ ತೊಳೆದೆ, ಪೈಪಿನಲ್ಲಿ ಸಿಕ್ಕ ಗಾಳಿ ತೆಗೆದೆ, ವೈರುಗಳನ್ನು ಎಳೆದೆಳೆದು ನೋಡಿದೆ. ಒಂದು ದಿನ ಕ್ಯಾನಿನಿಂದ ಡೀಸೆಲ್ ಹಾಕಿದ ಕೂಡಲೇ ಚಾಲೂ ಆಯಿತು. ಹಾಗಾದರೆ ಹಳೆಯ ಡೀಸೆಲ್ಲೇ ಕೆಟ್ಟದ್ದೆಂದು ತೀರ್ಮಾನಿಸಿ ಟ್ಯಾಂಕೆಲ್ಲ ಬರಿದು ಮಾಡಿ ಬೇರೆ ಕಡೆಯಿಂದ ತಂದು ತುಂಬಿಸಿದೆ. ಅವತ್ತೂ ಐದನೆಯ ಸಾಲಿನಲ್ಲಿ ನಿಂತಿತು. ಬಿಸಿಲಿಗೆ ಇರಬಹುದೆಂದು ಮುಂಜಾನೆ ಹೊಡೆದೆ, ನೆಲ ಬಿಗಿ ಎಂದು ನೀರು ಬಿಟ್ಟು ಹೊಡೆದೆ. ಒಂದು ಕಾರಣ ಹಿಡಿದರೆ ಇನ್ನೊಂದು ಸುಳ್ಳಾಗುತ್ತಿತ್ತು. ನನಗೆ ತಲೆ ಕೆಟ್ಟು ಕೆರ ಹಿಡಿಯಿತು.

ಮತ್ತೆ ಮೇಸ್ತ್ರಿಗೆ ಫೋನು ಮಾಡಿದೆ. ಬಂದಾಗಲೆಲ್ಲ ಅವರು ಮೊದಲು ಮಾಡುತ್ತಿದ್ದುದು ಒಂದೇ ಕೆಲಸ: ಟ್ಯಾಂಕಿನ ಮುಚ್ಚಳ ತೆಗೆದು ಈ ಬೇವಿನ ಕಡ್ಡಿ ಇಳಿಸಿ ಡೀಸೆಲ್ ಎಷ್ಟಿದೆ ಎಂದು ನೋಡುವುದು. ಮುಳ್ಳು ತೋರಿಸುತ್ತಿದೆಯಲ್ಲ ಎಂದು ನಾನು ಕೂಗಿದರೆ, "ಮುಳ್ಳು ನಂಬಿ ನಾ ಭಾಳ ಸಲ ಕೆಟ್ಟೀನ್ರಿ" ಎನ್ನುತ್ತಿದ್ದರು. ಆಮೇಲೆ ಪೈಪು ಬಿಚ್ಚಿ ಊದಿ, ಪಂಪು ನೋಡಿ, ಎಲ್ಲ ಮತ್ತೆ ಬಿಗಿದು ಕೀಲಿ ತಿರುಗಿಸಿದರೆ ಗಾಡಿ ಚಾಲೂ. ಅವರಿಗೆ ನನ್ನ ಅಂಗೈಯಲ್ಲಿ ಇಡಲು ಏನೂ ಸಿಗುತ್ತಿರಲಿಲ್ಲ. ಖಾಲಿ ಕೈ ನೋಡಿಕೊಳ್ಳುತ್ತಾ ನಿಲ್ಲುತ್ತಿದ್ದರು.

"ಚಾಲೂ ಏನೋ ಆತ್ರಿ ಮಾಸ್ತರ. ಯಾಕ ಆತು ಅಂತ ನಂಗ ಗೊತ್ತಾಗವಲ್ದು."

ಹಾಗೆ ಹೇಳಿ, ಕೈ ತೊಳೆದು, ವಿಭೂತಿ ಹಚ್ಚಿ ಹೋಗುವರು. ಮರುದಿನ ಗಾಡಿ ಮತ್ತೆ ಐದನೆಯ ಸಾಲಿನಲ್ಲಿ ನಿಲ್ಲುವುದು. ಎರಡನೆಯ ಸಲ, ಮೂರನೆಯ ಸಲ... ಒಂದು ಸಲ ಮೇಸ್ತ್ರಿ ಮಧ್ಯಾಹ್ನದವರೆಗೂ ಗಾಡಿಯ ಪಕ್ಕದಲ್ಲಿ ದಾಳಿಂಬೆ ಗಿಡದ ನೆರಳಿಗೆ ಕೂತು, ಊಟಕ್ಕೆ ಕರೆದರೂ ಬರಲಿಲ್ಲ. ಅವರಿಗೆ ಆ ಗಾಡಿಯ ಮೇಲೆ ಸಿಟ್ಟಿರಲಿಲ್ಲ. ಅದು ಏನೋ ಹೇಳುತ್ತಿದೆ, ತನಗೆ ಕೇಳಿಸುತ್ತಿಲ್ಲ ಎಂಬ ಪೇಚಾಟ ಮುಖದಲ್ಲಿತ್ತು.

ಇಷ್ಟರಲ್ಲಿ ಊರಿನ ಚಹಾದಂಗಡಿಯಲ್ಲಿ ಮಾತು ಎದ್ದಿತು. ಅದಕ್ಕೆ ಗಾಳಿ ಹಾಕಿದವರು ಪಕ್ಕದ ತೋಟದವರು. "ಲೆಕ್ಕಾ ಹಾಕ್ರಿ ಮಾಸ್ತರ. ಅವ ಮುಟ್ಟೋಕಿಂತ ಮೊದ್ಲು ಗಾಡಿ ನೆಟ್ಟಗಿತ್ತು. ಅವ ಬಂದ್ರ ಚಾಲೂ ಆಕ್ಕತಿ, ಅವ ಹೋದ ಮ್ಯಾಲ ನಿಂದರತೈತಿ. ಹೋಗಾಗ ಏನೋ ಒಂದು ಬಿಟ್ಟು ಹೊಕ್ಕಾನ ಅವ."

ನಾನು ವಿಜ್ಞಾನದ ಮಾಸ್ತರು. ಕಾರಣ, ಪರಿಣಾಮ, ಪುನರಾವರ್ತನೆ ಎಂದು ಮಕ್ಕಳಿಗೆ ಬೋಧಿಸಿದವನು. ಆ ಮಾತಿನಲ್ಲಿ ನನಗೆ ತಪ್ಪೇ ಕಾಣಿಸಲಿಲ್ಲ. ಮೇಸ್ತ್ರಿಯ ಮುಖ ನೆನಪಾದಾಗ ಛೇ, ಹಾಗಿರಲಿಕ್ಕಿಲ್ಲ ಅನಿಸುತ್ತಿತ್ತು. ಗಾಡಿ ನಿಂತಾಗ ಹಾಗೇ ಇರಬೇಕು ಅನಿಸುತ್ತಿತ್ತು.

ನಾಲ್ಕನೆಯ ಸಲ ಅವರು ಬಂದಾಗ ತೋಟದಲ್ಲಿ ನಾಲ್ಕೈದು ಜನ ಇದ್ದರು. ಎಂದಿನಂತೆ ಕಡ್ಡಿ ಇಳಿಸಿದರು, ಪೈಪು ಊದಿದರು, ಗಾಡಿ ಚಾಲೂ ಆಯಿತು. ಎಂದಿನಂತೆ ಗೊತ್ತಿಲ್ಲವೆಂದರು. ನನಗೆ ಎಲ್ಲಿತ್ತೋ ಸಿಟ್ಟು... ಅವರ ಕಿವಿ ಮಂದವೆಂದು ಕೂಗಿಯೇ ಕೇಳಬೇಕಾಯಿತು, ಅದರಿಂದ ರಸ್ತೆಯಲ್ಲಿ ಹೋಗುವವರಿಗೂ ಕೇಳಿಸಿತು.

"ಮೇಸ್ತ್ರಿ, ಖರೇ ಹೇಳ್ರಿ. ಬೇಕಂತಲೇ ಹೋಗೋವಾಗ ಏನರ ಬಿಟ್ಟು ಹೊಕ್ಕೀರೇನು?"

ಅವರಿಗೆ ಒಮ್ಮೆಗೇ ಅರ್ಥವಾಗಲಿಲ್ಲ. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನ ನೋಡಿದರು, ಜೇಬು ಮುಟ್ಟಿಕೊಂಡರು. ಏನಾದರೂ ಸಾಮಾನು ಮರೆತು ಬಿಟ್ಟಿದ್ದೀರಾ ಎಂದು ನಾನು ಕೇಳುತ್ತಿದ್ದೇನೆ ಅಂದುಕೊಂಡರೇನೋ. ನಿಂತವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಆಗ ತಿಳಿಯಿತು ಅವರಿಗೆ. ತೊಟ್ಟಿಯ ಹತ್ತಿರ ಹೋಗಿ, ಎಂದಿಗಿಂತ ಹೆಚ್ಚು ಹೊತ್ತು ಕೈ ತೊಳೆದರು. ಬಂದು ವಿಭೂತಿ ತೇಯ್ದು ಮೂರು ಬೆರಳು ಹಚ್ಚಿದರು. ಇದೇನು ನಾಟಕ ಎಂದು ನನಗೆ ಇನ್ನೂ ಸಿಟ್ಟು ಬಂತು. ಮೊಪೆಡ್ಡು ಹತ್ತಿ ಹೋದರು. ಕಡ್ಡಿ ಮರೆತು ಹೋಗಿದ್ದನ್ನು ನಾನು ನೋಡಿದ್ದು ಸಂಜೆಗೆ.

ಹದಿನೈದು ದಿನದೊಳಗೆ ಸುದ್ದಿ ಬಂತು. ಮೇಸ್ತ್ರಿ ಅಂಗಡಿ ಮುಚ್ಚಿದರಂತೆ. ಪಾನ, ಸ್ಕ್ರೂಡ್ರೈವರು ಎಲ್ಲ ಕೇಳಿದವರಿಗೆ ಕೊಟ್ಟರಂತೆ. ಕೈ ಕೆಟ್ಟಿದೆ, ಸಣ್ಣ ಗಾಡಿಯೊಂದರ ರೋಗ ಹಿಡಿಯಲಾಗದವನು ಮಂದಿಯ ಗಾಡಿ ಮುಟ್ಟಬಾರದು ಅಂದರಂತೆ. ಹರಪನಹಳ್ಳಿ ಕಡೆ ಬಾಗಳಿಗೆ ಕೊಟ್ಟ ಮಗಳ ಮನೆಗೆ ಹೆಂಡತಿಯೊಂದಿಗೆ ಹೋಗಿಬಿಟ್ಟರು. ಕೇಳಿ ನನಗೆ ಸಮಾಧಾನವೂ ಆಯಿತು, ಕಸಿವಿಸಿಯೂ ಆಯಿತು. ತಪ್ಪಿಲ್ಲದವನಾದರೆ ಯಾಕೆ ಹೋಗಬೇಕಿತ್ತು ಎಂದು ನನಗೆ ನಾನೇ ವಾದ ಮಾಡಿಕೊಂಡೆ.

ಇನ್ನೊಂದು ಹತ್ತು ದಿನ ಕಳೆದಿರಬೇಕು. ಗಾಡಿ ಎಂದಿನಂತೆ ನಿಂತಿತ್ತು. ಕರೆಯಲು ಯಾರೂ ಇರಲಿಲ್ಲ. ಬೇಸತ್ತು ಆ ಕಡ್ಡಿಯನ್ನೇ ತಂದು, ನೋಡೋಣ ಎಂದು ಮುಚ್ಚಳ ತಿರುಗಿಸಿದೆ. ಸುಸ್ ಎಂದು ಗಾಳಿ ಒಳಗೆ ಹೋಯಿತು. ಕಡ್ಡಿ ಇಳಿಸಿ ತೆಗೆದು, ಮುಚ್ಚಳ ಹಾಕಿ ಕೀಲಿ ತಿರುಗಿಸಿದರೆ ಗಾಡಿ ಚಾಲೂ ಆಯಿತು. ಫಿಲ್ಟರು ಮುಟ್ಟಿರಲಿಲ್ಲ, ಪೈಪು ಮುಟ್ಟಿರಲಿಲ್ಲ. ನಾನು ಇಂಜಿನ್ನು ಬಂದ್ ಮಾಡಿ ಅಲ್ಲೇ ನಿಂತೆ. ಆ ಸುಸ್ ಎಂಬ ಸದ್ದು ನನಗೆ ಹೊಸದಲ್ಲ. ಮೇಸ್ತ್ರಿ ಪ್ರತಿ ಸಲ ಮುಚ್ಚಳ ತೆಗೆದಾಗಲೂ ಕೇಳಿದ್ದೆ. ಅವರ ಕಿವಿಗೆ ಅದು ಬೀಳುವಂತಿರಲಿಲ್ಲ. ನನ್ನ ಕಿವಿಗೆ ಬಿದ್ದಿತ್ತು, ನಾನು ಗಮನ ಕೊಟ್ಟಿರಲಿಲ್ಲ.

ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದೆ. ಟ್ಯಾಂಕಿನ ಮುಚ್ಚಳಕ್ಕೆ ಸೂಜಿಮೊನೆಯಷ್ಟು ತೂತು ಇರುತ್ತದೆ, ಡೀಸೆಲ್ ಇಳಿದಂತೆ ಗಾಳಿ ಒಳಗೆ ಹೋಗಲೆಂದು. ಆ ಪುಟ್ಟ ಟ್ರ್ಯಾಕ್ಟರಿನಲ್ಲಿ ಮುಚ್ಚಳವೇ ಎಲ್ಲಕ್ಕಿಂತ ಎತ್ತರದ ಜಾಗ, ತಲೆಯಿದ್ದ ಹಾಗೆ. ಮೇಸ್ತ್ರಿ ಪ್ರತಿ ಸಲ ವಿಭೂತಿ ಹಚ್ಚಿದ್ದು ಅದರ ಮೇಲೆ. ಡೀಸೆಲ್ ಜಿಡ್ಡಿಗೆ ಅಂಟಿ, ಬಿಸಿಲಿಗೆ ಒಣಗಿ, ಪದರದ ಮೇಲೆ ಪದರ ಕೂತು ತೂತು ಸುಣ್ಣ ಬಳಿದಂತೆ ಮುಚ್ಚಿಹೋಗಿತ್ತು. ಗಾಡಿ ಅರ್ಧ ಗಂಟೆ ಓಡಿದರೆ ಟ್ಯಾಂಕಿನೊಳಗೆ ಗಾಳಿ ಸಾಲದೆ ಡೀಸೆಲ್ ಇಳಿಯುತ್ತಿರಲಿಲ್ಲ. ಮುಚ್ಚಳ ತೆಗೆದರೆ ಗಾಳಿ ಹೋಗಿ ಇಳಿಯುತ್ತಿತ್ತು. ರಾತ್ರಿಯೆಲ್ಲ ನಿಂತರೆ ಸಂದಿನಿಂದ ಗಾಳಿ ಮೆಲ್ಲಗೆ ಒಳಸೇರಿ ಬೆಳಿಗ್ಗೆ ಚಾಲೂ ಆಗುತ್ತಿತ್ತು. ಕಡ್ಡಿ ಇಳಿಸುವ ಹೊತ್ತಿಗೇ ರೋಗ ವಾಸಿಯಾಗಿರುತ್ತಿತ್ತು, ಕೈ ತೊಳೆದು ವಿಭೂತಿ ಹಚ್ಚುವ ಹೊತ್ತಿಗೆ ಮತ್ತೆ ಅಂಟಿರುತ್ತಿತ್ತು.

ಹೆಂಡತಿಯ ಸೆರಗಿನ ಪಿನ್ನು ಕೇಳಿ ತೂತು ಬಿಡಿಸಿದೆ. ಕೊಳವೆಯ ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿದರೆ ನೀರು ಕೆಳಗೆ ಬೀಳದು, ಬೆರಳು ತೆಗೆದರೆ ಬೀಳುತ್ತದೆ. ಆ ಪ್ರಯೋಗವನ್ನು ನಾನು ವರ್ಷ ವರ್ಷವೂ ತರಗತಿಯಲ್ಲಿ ಮಾಡಿ ತೋರಿಸಿದ್ದೆ. ಹೆಂಡತಿಗೆ ಹೇಳಿದಾಗ ಅವಳು ಪಿನ್ನು ಒರೆಸಿಕೊಳ್ಳುತ್ತಾ, "ಆ ಪಾಠ ಬರೇ ಹುಡುಗರಿಗೇನ್ರಿ?" ಎಂದಳು. ಅವತ್ತು ಗಾಡಿ ಇಡೀ ತೋಟ ಹೊಡೆದರೂ ನಿಲ್ಲಲಿಲ್ಲ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಹೋಗುವಾಗ ಏನೋ ಬಿಟ್ಟು ಹೋಗುತ್ತಾನೆ ಎಂದಿದ್ದರು ಪಕ್ಕದ ತೋಟದವರು. ಬಿಟ್ಟು ಹೋಗಿದ್ದು ನಿಜವೇ. ಆದರೆ ಅವರು ಬಿಟ್ಟು ಹೋದದ್ದು ವಿಭೂತಿ, ಗಾಡಿಗೆ ಒಳ್ಳೆಯದಾಗಲಿ ಎಂದು. ಇದನ್ನು ಏನೆಂದು ಕರೆಯಬೇಕು? ಅವರ ತಪ್ಪು ಅನ್ನಲೇ? ಹಾಗಂದರೆ ನಾನು ಆಡಿದ ಮಾತು ಸರಿ ಎಂದಂತಾಗುತ್ತದೆ. ತಪ್ಪಲ್ಲ ಅನ್ನಲೇ? ಗಾಡಿ ನಿಂತದ್ದು ಅವರ ಕೈಯಿಂದಲೇ. ಮೂರು ದಿನ ಇದೇ ಯೋಚನೆಯಲ್ಲಿ ಬಿದ್ದಿದ್ದೆ. ಹೇಗಾದರಾಗಲಿ, ಹೋಗಿ ಹೇಳಿ ಕ್ಷಮೆ ಕೇಳಿ ಅವರನ್ನು ಅಂಗಡಿಗೆ ಕರೆದುಕೊಂಡು ಬರಬೇಕೆಂದು ಭಾನುವಾರ ಬಾಗಳಿಗೆ ಹೊರಟೆ.

ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಇಳಿದು, ಕಲ್ಲೇಶ್ವರ ಗುಡಿಯ ಹತ್ತಿರ ವಿಚಾರಿಸಿದರೆ ಮನೆ ತೋರಿಸಿದರು. ಮೇಸ್ತ್ರಿ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ನೋಡಿದವರೇ ಎದ್ದು ಚಾಪೆ ಹಾಸಿದರು. ಒಂದು ಕೊಂಕು ಮಾತಿಲ್ಲ. ಅವರ ಹೆಂಡತಿ ಮಜ್ಜಿಗೆ ತಂದು ಕೊಟ್ಟರು. ಕುಡಿಯುತ್ತಾ ಸುತ್ತ ನೋಡಿದೆ. ಮೂಲೆಯ ಹೊಲಿಗೆ ಯಂತ್ರದ ಮೇಲೆ ಮೂರು ಬೆರಳು ವಿಭೂತಿ. ಬಾಗಿಲಿಗೆ ಒರಗಿಸಿದ ಸೈಕಲ್ಲಿನ ಹ್ಯಾಂಡಲ್ ಮೇಲೆ ಮೂರು ಬೆರಳು. ಹಿಟ್ಟಿನ ಡಬ್ಬಿಯ ಮೇಲೂ ಇತ್ತು. ಕೆಲಸವಿಲ್ಲದ ಕೈ ಅದೊಂದನ್ನೇ ಬಿಟ್ಟಿರಲಿಲ್ಲ ಅಂತ ಕಾಣುತ್ತದೆ.

"ಗಾಡಿ ಹೆಂಗೈತ್ರಿ?" ಎಂದು ಕೇಳಿದರು.

"ಈಗ ನೆಟ್ಟಗೈತಿ. ನಿಂದರವಲ್ದು."

ಸುಲಿಯುವುದನ್ನು ಬಿಟ್ಟು ಮುಂದಕ್ಕೆ ಬಗ್ಗಿದರು. "ಏನಾಗಿತ್ರಿ ಅದಕ್ಕ?"

ಹೇಳಲೆಂದೇ ಹೋದವನು ನಾನು. ಬಾಯಿ ತೆರೆದೆ. ಆ ಹೊಲಿಗೆ ಯಂತ್ರ, ಆ ಸೈಕಲ್ಲು ಕಣ್ಣಿಗೆ ಬಿದ್ದವು. ನಿಮ್ಮ ವಿಭೂತಿಯೇ ಎಂದು ಹೇಗೆ ಹೇಳುವುದು... ಈ ಮನುಷ್ಯನಿಗೆ ಉಳಿದಿರುವುದು ಇದೊಂದು, ಇದನ್ನೂ ಕಿತ್ತುಕೊಳ್ಳಲೇ ಅನಿಸಿತು. ಅಷ್ಟೇ ಅಲ್ಲ, ಇನ್ನೊಂದು ಕಾರಣವಿತ್ತು, ಈಗಲಾದರೂ ಮುಚ್ಚಿಡಬಾರದು. ಸತ್ಯ ಹೇಳಿದರೆ ಆ ಸುಸ್ ಎಂಬ ಸದ್ದನ್ನು ನಾಲ್ಕು ಸಲ ಕೇಳಿಯೂ ಕೇಳದ ವಿಜ್ಞಾನ ಮಾಸ್ತರನ ಕಥೆಯನ್ನೂ ಹೇಳಬೇಕಾಗುತ್ತಿತ್ತು.

"ಕಸ ಸಿಕ್ಕಿತ್ರಿ" ಎಂದೆ. "ಪೈಪಿನ್ಯಾಗ."

"ಯಾವ ಪೈಪು?"

"ಡೀಸೆಲ್ ಪೈಪು."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆ ಪೈಪನ್ನು ಅವರು ಪ್ರತಿ ಸಲ ಬಿಚ್ಚಿ ಬಾಯಿಟ್ಟು ಊದಿದ್ದರು, ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಕೆಟ್ಟ ಸಾಮಾನನ್ನು ತೋರಿಸದೆ ರಿಪೇರಿ ಮಾಡಿದವನಲ್ಲ ಆ ಮನುಷ್ಯ. ನಾನು ಅವರ ಅಂಗೈಗೆ ಸುಳ್ಳನ್ನು ಇಟ್ಟಿದ್ದೆ. "ಇರ್ಲಿ ಬಿಡ್ರಿ, ಗಾಡಿ ನೆಟ್ಟಗಾತಲ್ಲ" ಎಂದು ಮತ್ತೆ ಶೇಂಗಾ ಕೈಗೆತ್ತಿಕೊಂಡರು. ಆ ದಿನ ಆಡಿದ ಮಾತಿಗೆ ತಪ್ಪಾಯಿತೆಂದೆ. ಅದಕ್ಕೂ ಇರ್ಲಿ ಬಿಡ್ರಿ ಅಂದರು. ಅಂಗಡಿ ಮತ್ತೆ ತೆಗೆಯಿರಿ ಎಂದೆ. ತಲೆ ಅಲ್ಲಾಡಿಸಿದರು. ಬಸ್ಸಿನವರೆಗೆ ಬಂದು ಹತ್ತಿಸಿ ಹೋದರು.

ಬಸ್ಸಿನಲ್ಲಿ ಕೂತು, ಒಳ್ಳೆಯದನ್ನೇ ಮಾಡಿದೆ ಎಂದುಕೊಂಡೆ. ಮನೆ ಮುಟ್ಟುವ ಹೊತ್ತಿಗೆ ಹಾಗನ್ನಿಸಲಿಲ್ಲ. ಆಮೇಲೆ ಎಷ್ಟೋ ಸಲ ಹೋಗಿ ಹೇಳಿಬಿಡೋಣ ಅನಿಸಿತು. ಇಷ್ಟು ದಿನದ ಮೇಲೆ ಯಾಕೆ ಕೆದಕುವುದು ಎಂದೂ ಅನಿಸಿತು. ಒಂದು ದಿನ ಅದು ಸರಿ ಅನಿಸಿದರೆ ಇನ್ನೊಂದು ದಿನ ಇದು. ದಾಳಿಂಬೆ ತೆಗೆದು ಅಂಜೂರ ಹಾಕಿದೆ, ನೌಕರಿಯಿಂದ ನಿವೃತ್ತನಾದೆ, ಹೋಗಲಿಲ್ಲ.

ಹೋದ ತಿಂಗಳು ಮೇಸ್ತ್ರಿ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಬಂತು. ಬಾಗಳಿಗೆ ಹೋದಾಗ ಕಾರ್ಯವೆಲ್ಲ ಮುಗಿದಿತ್ತು. ಅವರ ಹೆಂಡತಿ ನನ್ನನ್ನು ಗುರುತು ಹಿಡಿದರು. ಟ್ರ್ಯಾಕ್ಟರ್ ಮಾಸ್ತರು ಅಲ್ಲವೇನು ಎಂದು ಒಳಗೆ ಕರೆದು ಕೂರಿಸಿದರು.

"ನಿಮ್ಮನ್ನ ಭಾಳ ನೆನಸ್ತಿದ್ರರಿ" ಎಂದರು. "ಕೊಟ್ಟೂರು ಕಡೆಯಿಂದ ಯಾರಽ ಬರ್ಲಿ, ಮಾಸ್ತರ ಟ್ರ್ಯಾಕ್ಟರಿಗೆ ಏನಾಗಿತ್ತಂತ ಗೊತ್ತೈತೇನು ಅಂತ ಕೇಳೋದಽ. ಕಸ ಅಲ್ಲ ಅದು, ಮಾಸ್ತರು ಏನೋ ಮುಚ್ಚಿಟ್ರು ಅಂತಿದ್ರು. ಉಣ್ಣಾಕ ಕುಂತಾಗ ಒಮ್ಮೆಲೆ ಕೈ ನಿಲ್ಲಿಸಿ, ಪಂಪಿರಬೇಕೇನ ಅಂತ ನನ್ನ ಕೇಳೋರು. ನಂಗೇನು ಗೊತ್ತು ಪಂಪು? ಈಗರ ಹೇಳ್ರಿ, ಏನಾಗಿತ್ತು?"

ಹೇಳಿದೆ. ಮುಚ್ಚಳ, ತೂತು, ವಿಭೂತಿ, ಕಡ್ಡಿ ಇಳಿಸಿದಾಗ ಬರುತ್ತಿದ್ದ ಸದ್ದು, ಎಲ್ಲ. ನೊಂದುಕೊಳ್ಳುತ್ತಾರೆ, ಅಳುತ್ತಾರೆ ಎಂದು ಅವರ ಮುಖ ನೋಡದೆ ಹೇಳಿದೆ. ಮುಗಿಸಿ ತಲೆ ಎತ್ತಿದರೆ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಕಣ್ಣಲ್ಲಿ ನೀರಿತ್ತು, ಭುಜ ಅಲುಗುತ್ತಿತ್ತು. ಅವರು ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಇಷ್ಟಽ ಏನ್ರಿ ಮಾಸ್ತರ?" ಎಂದರು. "ಅಯ್ಯ, ಇದನ್ನ ಹೇಳಿದ್ರ ಹೊಟ್ಟಿ ಹಿಡ್ಕಂಡು ನಗ್ತಿದ್ರು. ಮರುದಿನಾನಽ ಹೋಗಿ ಅಂಗಡಿ ತೆಗೀತಿದ್ರು."

ಆಮೇಲೆ ಅವರು ಏನೇನೋ ಮಾತಾಡಿದರು, ನನಗೆ ಕೇಳಿಸಲಿಲ್ಲ. ಚಹಾ ಕೊಟ್ಟರು, ಕುಡಿದೆ. ಅವರು ಹೇಳಿದ್ದು ನಿಜವೋ, ಮನೆಗೆ ಬಂದವನ ಸಮಾಧಾನಕ್ಕೆ ಆಡಿದ ಮಾತೋ, ಅದನ್ನು ತಿಳಿಯಲು ಈಗ ದಾರಿಯಿಲ್ಲ. ಎಂಟು ವರ್ಷ ಆ ಮನುಷ್ಯ ಅನ್ನದ ಮುಂದೆ ಕೂತು ನನ್ನ ಗಾಡಿಯ ರೋಗ ಹುಡುಕಿದರು. ಉತ್ತರ ನನ್ನ ಹತ್ತಿರ ಇತ್ತು. ಕೊಟ್ಟೂರಿನಿಂದ ಬಾಗಳಿಗೆ ಒಂದೂವರೆ ಗಂಟೆಯ ದಾರಿ.